ಹಗೇವು ಉಸಿರು ಬಿಡುವ ತನಕ

ಹಿಂದಿನ ಕಾಲದ ಹೆಂಗಸರು ಮನೆತನ ಹೇಗೆ ತೂಗಿಸುತ್ತಿದ್ದರು, ನಾಳೆಗೆಂದು ಹೇಗೆ ಉಳಿಸುತ್ತಿದ್ದರು ಎಂದು ನನ್ನನ್ನು ಕೇಳುವವರು ಈಗ ಬಹಳ. ಮೊಮ್ಮಗನ ಹೆಂಡತಿ ಕೇಳುತ್ತಾಳೆ, ಓಣಿಯ ಹುಡುಗಿಯರು ಕೇಳುತ್ತಾರೆ. ಮುದುಕಿಗೆ ಇಷ್ಟು ವಯಸ್ಸಾಗಿದೆ, ಏನಾದರೂ ಗುಟ್ಟು ಗೊತ್ತಿರಬೇಕು ಎಂದು ಅವರ ಎಣಿಕೆ. ಗೊತ್ತಿದೆ. ಕಲಿಸಿದವಳು ನನ್ನ ಅತ್ತೆ ನೀಲವ್ವ. ಅವಳಷ್ಟು ಬಿಗಿಯಾಗಿ ನಾಳೆಯನ್ನು ಹಿಡಿದುಕೊಂಡವರನ್ನು ನಾನು ಮತ್ತೆ ಕಂಡಿಲ್ಲ. ಕಲಿತದ್ದರಿಂದ ಆದದ್ದೇನು ಎಂದು ಮಾತ್ರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೋದ ವಾರ ದೊಡವಾಡದಲ್ಲಿ ಆ ವಾಸನೆ ಮೂಗಿಗೆ ಬಡಿಯದಿದ್ದರೆ ಈ ಬರೆಯುವ ಗೊಡವೆಗೂ ಹೋಗುತ್ತಿರಲಿಲ್ಲ. ನನ್ನ ಅಕ್ಷರ ಅಷ್ಟಕ್ಕಷ್ಟೇ, ಮಗಳ ಮಕ್ಕಳ ಪಾಟಿಯ ಮೇಲೆ ಕಲಿತದ್ದು. ಬಂದಷ್ಟು ಬರೆಯುತ್ತೇನೆ.

ಮೊಮ್ಮಗ ಮಲ್ಲಪ್ಪ ದೊಡವಾಡದ ನಮ್ಮ ಹಾಳುಬಿದ್ದ ಜಾಗದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಪಾಯ ತೋಡುವುದನ್ನು ನೋಡು ಬಾ ಎಂದು ಬೈಲಹೊಂಗಲದಿಂದ ಹೆಂಡತಿಯ ಜೊತೆ ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದ. ಅಂಗಳದ ಮೂಲೆಯಲ್ಲಿ ಹಾರೆ ಹಾಕಿದಾಗ ಟೊಳ್ಳು ಸಪ್ಪಳ ಬಂತು. ಮಣ್ಣು ಕೆರೆದರು, ಚಪ್ಪಡಿ ಕಂಡಿತು, ಸರಿಸಿದರು. ಒಳಗಿನಿಂದ ವಾಸನೆ ಎದ್ದಿತು. ಹುಳಿ ಹುಳಿ, ಮುಗ್ಗಲು ಮುಗ್ಗಲು, ಕೆಟ್ಟ ಹೆಂಡದ ಹಾಗೆ. ಕೂಲಿಯವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಏನ ಅಜ್ಜಿ, ಬಂಗಾರ ಹುಗದಿಟ್ಟಿದ್ರೇನ?" ಎಂದು ಒಬ್ಬ ನಕ್ಕ.

"ಬಂಗಾರಕ್ಕ ಇಂಥಾ ನಾತ ಇರತೈತೇನೋ ಬಾಡ್ಯಾ?" ಎಂದೆ.

ಅದು ಹಗೇವು. ಈಗಿನವರು ನೋಡಿಲ್ಲ, ಹೇಳಬೇಕು. ಎರಡಾಳು ಆಳಕ್ಕೆ ನೆಲ ತೋಡುತ್ತಿದ್ದರು. ಕೊರಳು ಸಣ್ಣದು, ಒಬ್ಬ ಗಂಡಸು ಮೈ ಹಿಂಡಿಕೊಂಡು ಇಳಿಯುವಷ್ಟು. ಹೊಟ್ಟೆ ಮಾತ್ರ ಗಡಿಗೆಯ ಹಾಗೆ ದೊಡ್ಡದು. ಸುತ್ತಲೂ ಹುಲ್ಲು ಕೊಟ್ಟು ಜೋಳ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಮುಟ್ಟುತ್ತಿರಲಿಲ್ಲ. ಆದರೆ ಅದಕ್ಕೊಂದು ಕಟ್ಟು ಇತ್ತು. ಒಮ್ಮೆ ತೆಗೆದರೆ ಪೂರಾ ಖಾಲಿ ಮಾಡಬೇಕು. ಗಾಳಿ ಹೊಕ್ಕ ಜೋಳ ಮತ್ತೆ ಮುಚ್ಚಿದರೆ ಕೆಡುತ್ತದೆ. ಒಂದು ಬುಟ್ಟಿ ಬೇಕೆಂದು ತೆಗೆಯುವ ಹಾಗಿಲ್ಲ. ತೆಗೆದ ಕೂಡಲೇ ಇಳಿಯುವ ಹಾಗೂ ಇಲ್ಲ. ಒಳಗೆ ಕಟ್ಟಿದ ಗಾಳಿ ವಿಷ. ಬಾಯಿ ತೆಗೆದು ಒಂದು ರಾತ್ರಿ ಬಿಡಬೇಕು. ಅದಕ್ಕೆ ಹಗೇವು ಉಸಿರು ಬಿಡುವುದು ಎನ್ನುತ್ತಿದ್ದರು. ಬೆಳಿಗ್ಗೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಲ್ಲ.

ಇದನ್ನೆಲ್ಲ ನಾನು ಕಲಿತದ್ದು ಈ ಅಂಗಳಕ್ಕೆ ಸೊಸೆಯಾಗಿ ಬಂದ ಮೇಲೆ. ನನ್ನ ತವರು ಸವದತ್ತಿ ಕಡೆಯ ಚಚಡಿ. ಅಪ್ಪ ವಾಡೆಯವರ ಹೊಲದಲ್ಲಿ ದುಡಿಯುತ್ತಿದ್ದ. ಸಂಜೆ ಕೂಲಿಯ ಕಾಳು ಬರುತ್ತಿತ್ತು, ರಾತ್ರಿ ಬೀಸುತ್ತಿದ್ದೆವು, ಬೆಳಿಗ್ಗೆ ಬುಟ್ಟಿ ತೊಳೆದು ಬೋರಲು ಹಾಕುತ್ತಿದ್ದೆವು. ಉಳಿಸುವುದು ಎಂದರೇನು ಎಂದು ನಮಗೆ ಗೊತ್ತಿರಲಿಲ್ಲ, ಉಳಿಯುತ್ತಲೂ ಇರಲಿಲ್ಲ. ಹಾಗಾಗಿ ಗಂಡನ ಮನೆಯಲ್ಲಿ ಮೊದಲ ದಿನ ಕಣಜದಿಂದ ಕೈತುಂಬ ಜೋಳ ತೆಗೆದು ಬೀಸಿ ರೊಟ್ಟಿ ಬಡಿದೆ. ಅತ್ತೆ ರೊಟ್ಟಿ ಎಣಿಸಿದಳು.

"ಜಾತ್ರಿಗಿ ಮಾಡೀ ಏನ?"

"ಎಲ್ಲಾರೂ ಹೊಟ್ಟಿ ತುಂಬ ಉಣ್ಣಲಿ ಅಂತ್ರಿ."

"ಇವತ್ತಿನ ಹೊಟ್ಟಿ ತುಂಬಸ್ತಿ. ನಾಳಿ ಹೊಟ್ಟಿ ನಿಮ್ಮಪ್ಪ ಚಚಡಿಯಿಂದ ಹೊತಗೊಂಡ ಬರತಾನೇನ?"

ಅತ್ತೆಗೆ ಈ ನಾಲಿಗೆ ಸುಮ್ಮನೆ ಬಂದದ್ದಲ್ಲ. ಸಣ್ಣವಳಿದ್ದಾಗ ದೊಡ್ಡ ಬರ ಕಂಡವಳು. ತಂಗಿಯನ್ನು ರಾಮದುರ್ಗದ ದಾರಿಯಲ್ಲಿ ಬಿಟ್ಟು ಬಂದರಂತೆ. ಸತ್ತ ಮೇಲೆ ಬಿಟ್ಟರೋ ಮೊದಲೋ ಎಂದು ನಾನು ಕೇಳಲಿಲ್ಲ. ಅವಳು ಪ್ರತಿ ಸುಗ್ಗಿಯಲ್ಲಿ ರಾಶಿಯ ಮುಂದೆ ನನ್ನನ್ನು ಕೂಡಿಸಿಕೊಂಡು ಪಾಲು ಹಾಕಿಸುತ್ತಿದ್ದಳು. ಬೀಜಕ್ಕೆ ಒಂದು, ಬಡಿಗ ಕಂಬಾರರಿಗೆ ವರ್ಷಕ್ಕೊಮ್ಮೆ ಕೊಡುವ ಆಯಕ್ಕೆ ಒಂದು, ಹಗೇವಿಗೆ ಒಂದು, ಕಡೆಗೆ ಉಳಿದದ್ದು ಹೊಟ್ಟೆಗೆ. ನಾನು ಮೊದಲು ಹೊಟ್ಟೆಯದನ್ನು ತೆಗೆದಿಡಲು ಹೋದರೆ ಕೈಮೇಲೆ ಹೊಡೆಯುತ್ತಿದ್ದಳು. ದಿನವೂ ಬೀಸುವ ಮುಂಚೆ ಒಂದು ಹಿಡಿ ಬೇರೆ ಗಡಿಗೆಗೆ. ಮನೆಯಲ್ಲಿ ಹೆಣ ಇದ್ದರೂ ಆ ಹಿಡಿ ತಪ್ಪಬಾರದು. ಹೆಣದ ಮಾತು ಅವಳದೇ, ನಾನು ಸೇರಿಸಿದ್ದಲ್ಲ.

"ಅದನ್ನ ಯಾವಾಗ ತಿನ್ನೂದ್ರಿ ಅತ್ತಿ?" ಎಂದು ಒಮ್ಮೆ ಕೇಳಿದೆ.

"ಕೆಟ್ಟ ದಿನ ಬಂದಾಗ."

"ಬಂತಂತ ಹೆಂಗ ಗೊತ್ತಾಗತೈತ್ರಿ?"

"ನಾ ಹೇಳತೇನಿ."

ಎತ್ತು ಸತ್ತಿತು, ಅವಳು ಹೇಳಲಿಲ್ಲ. ನನ್ನ ಮೊದಲ ಕೂಸು ತೀರಿತು, ಬಾಣಂತಿ ನಾನು ಒಣಗಿ ಕಡ್ಡಿಯಾದೆ, ಆಗಲೂ ಹೇಳಲಿಲ್ಲ. "ಇದು ಆ ದಿನ ಅಲ್ಲ" ಎಂದು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಮುಂದೆ ಒಗೆದಳು. ಆ ಅರ್ಧವನ್ನೂ ನಾನು ಮರೆತಿಲ್ಲ.

ಪಕ್ಕದ ಮನೆ ಗಂಗವ್ವನದು. ಅವರಿಗೂ ಒಂದು ಹಗೇವು. ತೆಗೆದರೆ ಪೂರಾ ತೆಗೆಯಬೇಕೆಂಬ ಕಟ್ಟಿಗೆ ಹಿರಿಯರು ಒಂದು ಹೊಂದಿಕೆ ಮಾಡಿದ್ದರು. ಎರಡೂ ಮನೆಗೆ ಸೇರಿ ಒಂದು ಸಲ ಒಂದೇ ಹಗೇವು ತೆಗೆಯುವುದು, ಅರ್ಧ ಅವರಿಗೆ, ಅರ್ಧ ನಮಗೆ. ಮುಂದಿನ ಸಲ ಇನ್ನೊಬ್ಬರದು. ಹೀಗೆ ಒಂದು ಸದಾ ತುಂಬಿರುತ್ತಿತ್ತು. ಕಾಗದ ಇಲ್ಲ, ಸಹಿ ಇಲ್ಲ, ಯಾರೂ ಯಾರಿಗೂ ಮೋಸ ಮಾಡಲಿಲ್ಲ. ನಾನು ಹೇಳುತ್ತಿರುವ ವರ್ಷ ನಮ್ಮದು ಖಾಲಿ ಇತ್ತು, ಅವರದು ತುಂಬಿತ್ತು.

ಆ ವರ್ಷ ಶ್ರಾವಣದಲ್ಲಿ ಪ್ಲೇಗು ಬಂತು. ಮೊದಲು ಇಲಿ ಬಿದ್ದವು. ಜಂತಿಯಿಂದ ಬೀಳುತ್ತಿದ್ದವು, ಒಲೆಯ ಮುಂದೆ ಬಂದು ತಿರುಗಿ ತಿರುಗಿ ಸಾಯುತ್ತಿದ್ದವು. ಆಮೇಲೆ ಮನುಷ್ಯರ ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ. ಊರು ಬಿಡಬೇಕೆಂದು ಡಂಗುರ ಸಾರಿದರು. ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿದೆವು. ನಮ್ಮದೂ ಗಂಗವ್ವನದೂ ಬೆನ್ನಿಗೆ ಬೆನ್ನು. ಗಾಡಿಗೆ ಕಾಳು ಹೇರಲು ನನ್ನ ಗಂಡ ಮನೆಯ ಕಣಜದ ಮುಚ್ಚಳ ತೆಗೆದರೆ ಒಳಗೆ ಸತ್ತ ಇಲಿ, ಮೇಲಿಂದ ಕೆಳತನಕ. ಅತ್ತೆ ಒಂದು ಹಿಡಿ ತೆಗೆದು ಮೂಸಿ ನೋಡಿ ಕೈಬಿಟ್ಟಳು. ವರ್ಷದ ಹೊಟ್ಟೆಯ ಪಾಲು ಅಷ್ಟೂ ತಿಪ್ಪೆಗೆ ಹೋಯಿತು. ಬೀಜದ ಗಡಿಗೆ ಮತ್ತು ಅವಳ ಹಿಡಿಗಾಳಿನ ಗಡಿಗೆಗಳ ಬಾಯಿ ಮೆತ್ತಿದ್ದರಿಂದ ಉಳಿದವು.

ಆ ಹಿಡಿಗಾಳಿನ ಮೇಲೆ ನಾವು ದಸರೆ ದಾಟಿದೆವು. ಇದನ್ನು ಹೇಳಲೇಬೇಕು. ನಾನು ಬೈದುಕೊಂಡು ಹಾಕಿದ ಹಿಡಿಗಳವು. ರೊಟ್ಟಿ ಹೋಗಿ ನುಚ್ಚಾಯಿತು, ನುಚ್ಚು ಹೋಗಿ ಅಂಬಲಿಯಾಯಿತು, ಅಂಬಲಿ ತಿಳಿಯಾಯಿತು. ಮಗಳು ಶಿವ್ವಿಗೆ ಆಗ ಮೂರರ ವಯಸ್ಸು. ಬದುವಿನ ಸೊಪ್ಪು ತಿಂದು ತಿಂದು ಹೊಟ್ಟೆ ಮುಂದೆ ಬಂದು, ಕೈಕಾಲು ಕಡ್ಡಿಯಾಗಿದ್ದವು. ಅಳುವುದನ್ನೂ ಬಿಟ್ಟಿದ್ದಳು. ಅಳುವ ಕೂಸಿಗೆ ಹೆದರಬೇಕಾಗಿಲ್ಲ, ಬಿಟ್ಟ ಕೂಸಿಗೆ ಹೆದರಬೇಕು. ಸುಗ್ಗಿ ಮಾಘದಲ್ಲಿ, ಅದಕ್ಕಿನ್ನೂ ಬಹಳ ದಿನ ಇತ್ತು. ಇನ್ನು ಉಳಿದದ್ದು ಗಂಗವ್ವನ ಹಗೇವು ಒಂದೇ.

ನನ್ನ ಗಂಡ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಂತು ಹೇಳಿದರು: "ಯವ್ವಾ, ಒಡಿಯೂಣು."

"ಇನ್ನಾ ಇರಲಿ."

"ಏನ ಇರಲಿ? ಕೂಸಿನ ಮಾರಿ ನೋಡಿ ಏನ?"

"ಕಲ್ಲಪ್ಪಾ, ಈಗ ಒಡದ್ರ ಎರಡೂ ಹಗೇವು ಖಾಲಿ. ಸುಗ್ಗಿ ಕೈ ಕೊಟ್ಟರ ಮುಂದ? ಇದಕ್ಕಿಂತ ಕೆಟ್ಟ ದಿನ ಬಂದ್ರ?"

"ಇದಕ್ಕಿಂತ ಕೆಟ್ಟದ್ದು ಬಂದ್ರ ತಿನ್ನಾಕ ಯಾರ ಇರತಾರ?"

ಅತ್ತೆಗೆ ದುರಾಸೆ ಇರಲಿಲ್ಲ. ನಮಗಿಂತ ಕಡಿಮೆ ಉಣ್ಣುತ್ತಿದ್ದಳು. ಅವಳು ಆ ರಾಮದುರ್ಗದ ದಾರಿಯಿಂದ ಎದ್ದು ಬಂದೇ ಇರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಗಂಗವ್ವನ ಗಂಡನಿಗೆ ಗಡ್ಡೆ ಬಂದು ತೀರಿಹೋದ. ಮನೆಯಲ್ಲಿ ಗಂಗವ್ವ, ಮದುವೆಗೆ ಬಂದ ಮಗ ಈರಪ್ಪ, ಇಬ್ಬರೇ ಉಳಿದರು. ಮಣ್ಣು ಮಾಡಿ ಬಂದ ಮೇಲೆ ಗಂಗವ್ವ ನಮ್ಮ ಗುಡಿಸಲ ಮುಂದೆ ನಿಂತು ಅತ್ತೆಗೆ ಹೇಳಿದಳು: "ನೀಲಕ್ಕಾ, ಹಗೇವು ನಮ್ಮ ಮನಿ ಮುಂದಿಂದು. ಮಾತು ಹಿರೇರದು. ನಾ ಒಡೀರಿ ಅನ್ನಾಕತ್ತೇನಿ. ನೀ ನಿನ್ನ ಕೆಟ್ಟ ದಿನ ಕಾಯಕೋಂತ ಕುಂಡ್ರು. ನನಗ ಬಂದೈತಿ."

ಅದಕ್ಕೆ ಅತ್ತೆ ಒಪ್ಪಿದಳು. ಒಪ್ಪಿದವಳು ಕಟ್ಟು ಬಿಡಲಿಲ್ಲ. "ಒಡೀರಿ. ಆದ್ರ ಒಂದ ರಾತ್ರಿ ಬಾಯಿ ತಗದ ಬಿಡಬೇಕು. ಉಸಿರು ಬಿಡಲಿ."

ಗಂಟು ಬಿದ್ದದ್ದು ಇಲ್ಲಿ. ಬಾಯಿ ತೆರೆದ ಹಗೇವನ್ನು ಕಾವಲಿಲ್ಲದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಂದು ಕಾಳೂ ಉಳಿಯುತ್ತಿರಲಿಲ್ಲ. ಊರೆಲ್ಲ ಹಸಿದಿತ್ತು. ಕಾವಲಿರಬೇಕೆಂದರೆ ಪ್ಲೇಗಿನ ಊರಲ್ಲಿ ಮಲಗಬೇಕು. ಮಲಗಿದವರು ಯಾರೂ ಗಡ್ಡೆ ಇಲ್ಲದೆ ಎದ್ದಿರಲಿಲ್ಲ.

"ನಾ ಮಲಗತೇನಿ. ನನ್ನ ಕಡಿಂದ ಗಡ್ಡಿ ಏನ ಕಸಗೊಂತೈತಿ?" ಎಂದಳು ಅತ್ತೆ.

"ನಿನ್ನ ಅಲ್ಲಿ ಬಿಟ್ಟ ಬಂದು ನಾ ಇಲ್ಲಿ ನಿದ್ದಿ ಮಾಡ್ಲೇನು?" ಎಂದರು ನನ್ನ ಗಂಡ. "ಬೆಳಕ ಹರಿಯೂದರಾಗ ಹೋಗಿ ತಗೀತೇವಿ. ಕಂಬಳಿ ಬೀಸಿ ಗಾಳಿ ಹೊರಗ ಹಾಕತೇವಿ. ಮದ್ಯಾನಕ್ಕ ದೀಪ ಬಿಡೂಣು. ಉರದ್ರ ಇಳಿಯೂದು, ಇಲ್ಲಂದ್ರ ಇಲ್ಲ. ಸರಿ ಅಲಾ?"

ಸರಿ ಎಂದೇ ಎಲ್ಲರಿಗೂ ಅನಿಸಿತು. ಇವತ್ತು ಯೋಚಿಸಿದರೂ ನನಗೆ ಬೇರೆ ಹಾದಿ ಕಾಣುವುದಿಲ್ಲ.

ಮರುದಿನ ಹೋದೆವು. ಶಿವ್ವಿಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದೆ. ಊರಲ್ಲಿ ಬಾಗಿಲುಗಳೆಲ್ಲ ತೆರೆದಿದ್ದವು, ನಾಯಿ ಕೂಡ ಇರಲಿಲ್ಲ. ಗಂಡ ಮತ್ತು ಈರಪ್ಪ ಮಣ್ಣು ಕೆತ್ತಿ ಚಪ್ಪಡಿ ಎತ್ತಿದರು. ಇಬ್ಬರೂ ಕಂಬಳಿಯ ಎರಡು ಮೂಲೆಗೆ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟು ಎಳೆದರು, ಮತ್ತೆ ಬಿಟ್ಟರು, ಎಳೆದರು. ಈರಪ್ಪ ನಗಿಸುತ್ತಿದ್ದ.

"ಅಣ್ಣಾ, ಇದು ನಮ್ಮ ಮುತ್ಯಾನ ಹೊಟ್ಟಿ ಇದ್ದಂಗೈತಿ. ಎಷ್ಟ ಹಿಚಕಿದ್ರೂ ಗಾಳಿ ಮುಗಿವಲ್ದು."

ಗಂಡ ತೀರಿ ವಾರವೂ ಆಗದ ಗಂಗವ್ವ ಕೂಡ ಸೆರಗು ಬಾಯಿಗಿಟ್ಟು ನಕ್ಕಳು. ಆ ನಗೆ ನನಗೆ ನೆನಪಿದೆ, ಯಾಕೆಂದರೆ ಆಮೇಲೆ ಅವಳು ನಕ್ಕದ್ದನ್ನು ನಾನು ಕಂಡಿಲ್ಲ.

ಮಧ್ಯಾಹ್ನ ದೀಪ ಬಿಟ್ಟರು. ಕೊರಳಲ್ಲೇ ಆರಿತು. ಮತ್ತೆ ಕಂಬಳಿ ಬೀಸಿದರು. ಮತ್ತೆ ಬಿಟ್ಟರು. ಈ ಸಲ ಇನ್ನಷ್ಟು ಕೆಳಗಿಳಿದು ಆರಿತು. ಕಾಳು ಇನ್ನೂ ಕೆಳಗಿತ್ತು. ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಪ್ಪಾಯಿತು. ಸ್ವಾತಿ ಮಳೆಯ ದಿನಗಳು. ತೆರೆದ ಬಾಯಿಗೆ ಮಳೆ ನೀರು ಇಳಿದರೆ ಎರಡು ಮನೆಯ ಜೋಳ ಒಂದು ಸಂಜೆಯಲ್ಲಿ ಕೊಳೆಯುತ್ತದೆ. ಮುಚ್ಚಿದರೆ ಬೀಸಿದ್ದೆಲ್ಲ ವ್ಯರ್ಥ, ಮತ್ತೆ ವಿಷ ತುಂಬುತ್ತದೆ. ಬೆನ್ನ ಮೇಲೆ ಶಿವ್ವಿ ತಲೆ ಒಂದು ಕಡೆಗೆ ಹಾಕಿದ್ದಳು.

"ಮುಚ್ಚ, ಕಲ್ಲಪ್ಪಾ. ನಾಳೆ ನೋಡೂಣು," ಎಂದಳು ಅತ್ತೆ.

"ಎಲ್ಲಾ ನಿನಗ ನಾಳೆನ," ಎಂದರು ಅವರು. ಸಿಟ್ಟಿನಿಂದ ಅನ್ನಲಿಲ್ಲ. ರುಮಾಲು ಬಿಚ್ಚಿ ನನ್ನ ಕೈಗೆ ಕೊಟ್ಟರು, ಹಗ್ಗ ಸೊಂಟಕ್ಕೆ ಸುತ್ತಿಕೊಂಡರು. "ಎರಡ ಪುಟ್ಟಿ ತುಂಬಿ ಬರತೇನಿ. ಉಸಿರ ಹಿಡಿದ್ರ ಆತು."

ಇಳಿದರು. ಮೊದಲ ಪುಟ್ಟಿ ಮೇಲೆ ಬಂತು. ಈರಪ್ಪ ಎಳೆದ, ನಾನು ಸುರುವಿದೆ. ಜೋಳ ಹೊನ್ನಿನ ಹಾಗಿತ್ತು. ಎರಡನೆಯ ಪುಟ್ಟಿಗೆ ಈರಪ್ಪ ಹಗ್ಗ ಜಗ್ಗಿದ, ಪುಟ್ಟಿ ಹಗುರಾಗಿ ಬಂತು. ಖಾಲಿ ಇತ್ತು. "ಅಣ್ಣಾ," ಎಂದು ಕೂಗಿದ. ಸೊಂಟದ ಹಗ್ಗ ಜಗ್ಗಿದೆವು, ನಾಲ್ಕು ಜನ ಸೇರಿ. ಮೈ ಹಗೇವಿನ ಕೊರಳಿಗೆ ಬಂದು ಅಡ್ಡ ಸಿಕ್ಕಿತು. ಬಿಟ್ಟು ಜಗ್ಗಿದರೆ ಗಂಟು ಜಾರಿ ಬರಿ ಹಗ್ಗ ಮೇಲೆ ಬಂತು.

ಗಂಗವ್ವ ಮಗನ ತೋಳು ಹಿಡಿದಳು. "ಬ್ಯಾಡಪ್ಪಾ," ಎಂದಳು. ಅವನು ತೋಳು ಕೊಸರಿಕೊಂಡು ಹಾರಿದ. ಜೋಳದ ಮೇಲೆ ಬಿದ್ದ ಸಪ್ಪಳ ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಮಳೆ ಬಂತು. ನಾನು ಮತ್ತು ಗಂಗವ್ವ ಬೋರಲಾಗಿ ಬಿದ್ದು ಆ ಬಾಯಿಯೊಳಗೆ ಹೆಸರು ಹಿಡಿದು ಕೂಗುತ್ತಿದ್ದೆವು. ಗಂಡನ ಹೆಸರನ್ನು ನಾನು ಬಾಯಿಂದ ತೆಗೆದದ್ದು ಅದೇ ಮೊದಲು. ಅತ್ತೆ ನಮ್ಮಿಬ್ಬರನ್ನೂ ಬದಿಗೆ ತಳ್ಳಿದಳು. ಕಂಬಳಿಯನ್ನು ಬಾಯಿಗೆ ಹಾಸಿ ಅದರ ಮೇಲೆ ಚಪ್ಪಡಿ ಎಳೆದಳು, ಒಬ್ಬಳೇ. ಒಳಗೆ ಅವಳ ಮಗ ಇದ್ದ. ಚಪ್ಪಡಿಯ ಮೇಲೆ ತಾನು ಕುಂತಳು, ನೀರು ಹೋಗದ ಹಾಗೆ. ಮಳೆ ನಿಲ್ಲುವ ತನಕ ಏಳಲಿಲ್ಲ.

ಮರುದಿನ ಬೇರೆ ಗುಡಿಸಲಿನ ಗಂಡಸರು ಬಂದರು. ಅಂದು ಇಡೀ ದಿನ ರಾತ್ರಿ ಬಾಯಿ ತೆರೆದೇ ಇತ್ತು, ಕಾವಲು ಅತ್ತೆಯದೇ. ಅವಳಿಗೆ ಗಡ್ಡೆ ಬರಲಿಲ್ಲ. ಅದರ ಮರುದಿನ ದೀಪ ತಳದ ತನಕ ಉರಿಯಿತು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳ ಗರಡಿಯಿಂದ ಇಬ್ಬರನ್ನೂ ಎತ್ತಿದರು. ಮೈಯೆಲ್ಲ ಕಾಳು ಅಂಟಿತ್ತು.

ಜೋಳ ಕೆಟ್ಟಿರಲಿಲ್ಲ. ಒಂದು ಕಾಳೂ ಕೆಟ್ಟಿರಲಿಲ್ಲ.

ಹಗೇವು ತೆಗೆದಾಗ ಬುಟ್ಟಿ ಹಿಡಿದು ಕಡ ಕೇಳುವವರು ಸಾಲಾಗಿ ಬರುವುದು ವಾಡಿಕೆ. ಅಷ್ಟು ಹಸಿದ ಊರಿನಿಂದ ಒಬ್ಬರೂ ಬರಲಿಲ್ಲ. ಹೆಣ ಬಿದ್ದ ಜೋಳ ಎಂದರು. ಎರಡು ಮನೆಯದೂ ನಮ್ಮ ಮೂವರು ಹೆಂಗಸರ ಮೇಲೆ ಬಿತ್ತು. ಗಂಗವ್ವ ಮುಟ್ಟಲೊಲ್ಲೆ ಎಂದಳು.

"ನನ್ನ ಮಗ ಮಲಗಿದ ಜ್ವಾಳ ನಾ ತಿನ್ನಂಗಿಲ್ಲ, ನೀಲಕ್ಕಾ."

"ತಿನಬ್ಯಾಡ. ಬೀಸೂದರ ಬೀಸು," ಎಂದು ಅತ್ತೆ ಬೀಸುವ ಕಲ್ಲಿನ ಗೂಟದ ಇನ್ನೊಂದು ಕಡೆ ತೋರಿಸಿದಳು. ಇಬ್ಬರೂ ಎದುರಾಬದುರು ಕುಂತು ಬೀಸಿದರು. ಹಾಡಲಿಲ್ಲ. ಅತ್ತೆ ಬೀಸುವ ಮುಂಚೆ ಒಂದು ಹಿಡಿ ಗಡಿಗೆಗೆ ಹಾಕಿದಳು. ಅವತ್ತೂ ಹಾಕಿದಳು.

ನಾನು ರೊಟ್ಟಿ ಬಡಿದು, ಹಾಲಿಲ್ಲದ್ದಕ್ಕೆ ಬಿಸಿನೀರಲ್ಲಿ ಹಿಸುಕಿ ಶಿವ್ವಿಯ ಬಾಯಿಗಿಟ್ಟೆ. ಅವಳು ನುಂಗಿದಳು. ಮತ್ತೆ ಬಾಯಿ ತೆರೆದಳು. ಆಗ ಅತ್ತೆ ಯಾರನ್ನೂ ನೋಡದೆ ಹೇಳಿದಳು:

"ಇದ ನೋಡ, ಆ ದಿನ."

ಇಷ್ಟು ವರ್ಷ ನಾನು ಕಾದ ಮಾತು ಬಂತು. ಅದನ್ನು ತೆಗೆದುಕೊಂಡು ಏನು ಮಾಡಬೇಕಿತ್ತು ನಾನು?

ಗಂಗವ್ವ ಎರಡು ದಿನ ಬಿಟ್ಟು ಉಂಡಳು. ಹೊಟ್ಟೆಗೆ ಮಾನ ಇಲ್ಲ.

ಮಾಘದಲ್ಲಿ, ಗಂಡ ಹೋದ ಮೇಲೆ ನಮ್ಮ ಹೊಲ ಪಾಲಿಗೆ ಮಾಡಿದವರು ನಮ್ಮ ಪಾಲು ತಂದು ಅಂಗಳದಲ್ಲಿ ಸುರುವಿದರು. ಊರಿಗೆ ಎಲ್ಲರೂ ವಾಪಸು ಬಂದಿದ್ದೆವು. ಅತ್ತೆ ಮತ್ತೆ ಪಾಲು ಹಾಕಿದಳು: ಬೀಜ, ಆಯ, ಹಗೇವು, ಕಡೆಗೆ ಹೊಟ್ಟೆ. ಹಗೇವಿನ ಪಾಲು ಅರ್ಧಕ್ಕೂ ಬರುವ ಹಾಗಿರಲಿಲ್ಲ. ಅರ್ಧ ತುಂಬಿದ ಹಗೇವಿನಲ್ಲಿ ಗಾಳಿ ನಿಂತು ಜೋಳ ಕೆಡುತ್ತದೆ ಎಂದು ನನಗೆ ಕಲಿಸಿದವಳೇ ಅವಳು. ಆದರೂ ಸುರುವಿದಳು. ಉಳಿದದ್ದಕ್ಕೆ ಹುಲ್ಲು ತುರುಕಿದಳು.

"ಅತ್ತಿ, ಇದನ್ನ ತಗಿಯಾಕ ಇಳಿಯಾವ್ರ ಯಾರ್ರಿ? ಎರಡೂ ಮನ್ಯಾಗ ಗಂಡಸ ಅನ್ನಾವ ಒಬ್ಬ ಇಲ್ಲ."

"ಆ ದಿನ ಬರೂದರಾಗ ಯಾರರ ಹುಟ್ಟಿರತಾರ," ಎಂದಳು. ಮಣ್ಣು ಕಲಸಿ ತಾನೇ ಮೆತ್ತಿದಳು.

ಮುಂದಿನ ಮಳೆಗಾಲದಲ್ಲಿ ಅತ್ತೆ ತೀರಿದಳು. ಗಂಗವ್ವ ತವರಿಗೆ ಹೋದಳು. ನಾನು ಶಿವ್ವಿಯನ್ನು ಕಟ್ಟಿಕೊಂಡು ಬೈಲಹೊಂಗಲಕ್ಕೆ ಬಂದು ಹತ್ತಿ ಜಿನ್ನಿನಲ್ಲಿ ಕೂಲಿ ಸೇರಿದೆ. ಸಂಜೆ ಬಂದದ್ದನ್ನು ಸಂಜೆಯೇ ತಂದು ತಿಂದೆವು, ಚಚಡಿಯ ಹಾಗೆ. ಬೀಸುವ ಮುಂಚೆ ಒಂದು ಹಿಡಿ ತೆಗೆಯಲು ಕೈ ತಾನೇ ಹೋಗುತ್ತಿತ್ತು. ನಾನು ಅದನ್ನು ತಿರುಗಿ ಬುಟ್ಟಿಗೆ ಹಾಕುತ್ತಿದ್ದೆ. ಶಿವ್ವಿ ಬದುಕಿದಳು. ಬೆಳೆದಳು, ಹಡೆದಳು. ಆ ಜೋಳ ಇಲ್ಲದಿದ್ದರೆ ಅವಳಿರುತ್ತಿರಲಿಲ್ಲ, ಈ ಮಲ್ಲಪ್ಪನೂ ಇರುತ್ತಿರಲಿಲ್ಲ. ಇದನ್ನು ತಕ್ಕಡಿಯ ಒಂದು ಕಡೆ ಇಡಿ ಎಂದು ಜನ ಹೇಳಬಹುದು. ನಾನು ಇಟ್ಟು ನೋಡಿದ್ದೇನೆ. ತಕ್ಕಡಿ ಏಳುವುದಿಲ್ಲ, ಇಳಿಯುವುದೂ ಇಲ್ಲ.

ಹೋದ ವಾರ ಕಂಡದ್ದು ಅತ್ತೆ ಅರ್ಧ ತುಂಬಿದ ಅದೇ ಹಗೇವು. ಕೂಲಿಯವರು ಮೂಗು ಮುಚ್ಚಿ ನಿಂತಿದ್ದಾಗ ಮಲ್ಲಪ್ಪ ಅಂಗಿ ಬಿಚ್ಚಿದ. ಕೈಯಲ್ಲಿ ಬ್ಯಾಟರಿ ಇತ್ತು.

"ಏಣಿ ತರ್ರಿ. ಎಷ್ಟ ಆಳ ಐತಿ, ಇಳದ ನೋಡಿ ಬರತೇನಿ."

ಯಾರಾದರೂ ಹುಟ್ಟಿರುತ್ತಾರೆ ಎಂದಿದ್ದಳಲ್ಲ ನೀಲವ್ವ. ಹುಟ್ಟಿದ್ದಾನೆ. ನಾನು ಅವನ ಧೋತರದ ಚುಂಗು ಹಿಡಿದು ಎಳೆದ ಜೋರಿಗೆ ಅವನು ಮಣ್ಣಗುಡ್ಡೆಯ ಮೇಲೆ ಕುಂಡಿ ಊರಿ ಕುಂತ.

"ಅಜ್ಜೀ! ಏನಾತ ನಿನಗ? ಅದರಾಗ ಏನೂ ಇಲ್ಲ, ಕರೀ ಬೂದಿ ಕಾಣತೈತಿ."

"ಕಂದೀಲ ಹಚ್ಚಿ ಬಿಡು ಮೊದಲ."

ನಗುತ್ತಲೇ ಹಚ್ಚಿದರು, ಹಗ್ಗ ಕಟ್ಟಿ ಬಿಟ್ಟರು. ಕೊರಳು ದಾಟುವುದರೊಳಗೆ ಆರಿತು. ಆಮೇಲೆ ಯಾರೂ ನಗಲಿಲ್ಲ. ಕಲ್ಲು ಮಣ್ಣು ಹಾಕಿ ತುಂಬಿಸಿದರು. ಬಾಯಿ ನೆಲಕ್ಕೆ ಸಮ ಆಗುವ ತನಕ ನಾನು ಅಲ್ಲಿಂದ ಏಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೊಮ್ಮಗನ ಹೆಂಡತಿಗೆ ಇಷ್ಟನ್ನೂ ಹೇಳಿದೆ. ಆಮೇಲೆ ಮೆಲ್ಲಗೆ ಕೇಳಿದಳು: "ಆದ್ರೂ ಅಜ್ಜಿ, ನಾಳಿಗಂತ ಒಂದೀಟ ಉಳಸೂದು ಚಲೋ ಅಲ್ಲೇನ್ರಿ?"

"ಉಳಸ, ಯಾರ ಬ್ಯಾಡ ಅಂದಾರ?" ಎಂದೆ. "ಆದ್ರ ಯಾವಾಗ ತಗೀಬೇಕು ಅಂತ ನನ್ನ ಕೇಳಾಕ ಬರಬ್ಯಾಡ. ನಮ್ಮತ್ತಿಗಿ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ."